ಎಳೆಗೂಸಿನ ಕೊಲೆಸ್ಟ್ರಾಲ್ ಏರಿದೆ, ಎದೆಹಾಲು ನಿಲ್ಲಿಸಬೇಕೇ?

ಪ್ರಶ್ನೆ (ತೀರ್ಥಹಳ್ಳಿಯಿಂದ ಒಬ್ಬ ತಾಯಿ): ನಮಸ್ಕಾರ ಡಾಕ್ಟರೇ. ಮಗಳಿಗೆ ಈಗ ಒಂದೂವರೆ ತಿಂಗಳು, ತವರಿನಲ್ಲಿ ಬಾಣಂತನ ನಡೆಯುತ್ತಿದೆ. ಯಜಮಾನರಿಗೆ 38ಕ್ಕೇ ಹೃದಯಾಘಾತವಾಗಿ, ವಂಶದಿಂದ ಬಂದ ಕೊಲೆಸ್ಟ್ರಾಲ್ ಕಾಯಿಲೆ ಎಂದು ತಿಳಿಯಿತು. ಆ ಹೆದರಿಕೆಗೆ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷೆ ಮಾಡಿಸಿದ್ದೆವು. ಒಟ್ಟು ಕೊಲೆಸ್ಟ್ರಾಲ್ 66 ಇತ್ತು. ಮೊನ್ನೆ 138 ಬಂದಿದೆ. ನಾನು ತಿನ್ನುವ ತುಪ್ಪವೇ ಹಾಲಿಗೆ ಇಳಿಯುತ್ತಿದೆ, ಪುಡಿ ಹಾಲು ಕೊಡು ಎನ್ನುತ್ತಾರೆ ಮನೆಯಲ್ಲಿ.

ಉತ್ತರ (ಮಕ್ಕಳ ವೈದ್ಯೆ, ಶಿವಮೊಗ್ಗ): ಇವತ್ತು ರಾತ್ರಿಯೂ ಎದೆಹಾಲೇ ಕೊಡಿ ಅಮ್ಮ. ಉಳಿದದ್ದನ್ನು ಆಮೇಲೆ ಓದಿ.

ಗರ್ಭದಲ್ಲಿ ಮಗುವಿನ ಮುಖ್ಯ ಇಂಧನ ಮಾಸಿನ ಮೂಲಕ ಬರುವ ಗ್ಲೂಕೋಸ್. ಕೊಬ್ಬನ್ನು ರಕ್ತದಲ್ಲಿ ಹೊತ್ತೊಯ್ಯುವ ಲಿಪೊಪ್ರೋಟೀನುಗಳಿಗೆ ಆಗ ಕೆಲಸ ಕಡಿಮೆ. ಹಾಗಾಗಿ ಹೊಕ್ಕುಳಬಳ್ಳಿಯ ರಕ್ತದಲ್ಲಿ ಕೊಲೆಸ್ಟ್ರಾಲ್ 60–70ರ ಆಸುಪಾಸಿನಲ್ಲಿರುತ್ತದೆ. ಅದರಲ್ಲಿ ಸುಮಾರು ಅರ್ಧವನ್ನು ಹೊರುವುದು ಎಚ್‌ಡಿಎಲ್, ಜನ ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಲಿಪೊಪ್ರೋಟೀನು. ದೊಡ್ಡವರಲ್ಲಿ ಆ ಹೊರೆ ಬಹುಪಾಲು ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಎಲ್‌ಡಿಎಲ್ ಮೇಲಿರುತ್ತದೆ. ಹುಟ್ಟಿದ ಮೇಲೆ ಮಗು ಹಾಲು ಕುಡಿಯುತ್ತದೆ, ಎದೆಹಾಲಿನ ಶಕ್ತಿಯಲ್ಲಿ ಸುಮಾರು ಅರ್ಧ ಕೊಬ್ಬಿನದೇ. ಅದನ್ನು ಸಾಗಿಸಲು ಕರುಳು, ಯಕೃತ್ತು ಎರಡೂ ಅಪೊ-ಬಿ ಎಂಬ ಪ್ರೋಟೀನು ಕಟ್ಟಿದ ಕಣಗಳನ್ನು ರಕ್ತಕ್ಕೆ ಬಿಡುತ್ತವೆ, ಕೆಲವೇ ದಿನಗಳಲ್ಲಿ ಎಲ್‌ಡಿಎಲ್ ಏರತೊಡಗುತ್ತದೆ. ನಿಮ್ಮ ಮಗಳಲ್ಲಿ ಆಗಿರುವುದು ಇದೇ.

ಎದೆಹಾಲಿನಲ್ಲಿ ಕೊಲೆಸ್ಟ್ರಾಲ್ ಸಹಜವಾಗಿಯೇ ಇದೆ, ಪುಡಿ ಹಾಲಿನಲ್ಲಿ ಬಹಳ ಕಡಿಮೆ. ಎದೆಹಾಲಿನ ಮಕ್ಕಳ ಅಂಕಿ ಹೆಚ್ಚಿರುವುದು ಅದಕ್ಕೇ. ಬೆಳೆಯುವ ಜೀವಕೋಶಗಳ ಪೊರೆಗೆ ಅದು ಬೇಕು. ಇನ್ನು ತುಪ್ಪದ ಮಾತು: ನಿಮ್ಮ ಊಟದಿಂದ ಹಾಲಿನ ಕೊಬ್ಬಿನ ಬಗೆ ಬದಲಾಗುತ್ತದೆ, ಕೊಲೆಸ್ಟ್ರಾಲಿನ ಪ್ರಮಾಣ ಅಷ್ಟಾಗಿ ಬದಲಾಗುವುದಿಲ್ಲ. ಮೆಣಸಿನ ಸಾರಿನ ಜೊತೆ ಒಂದು ಚಮಚ ತುಪ್ಪ ನೆಮ್ಮದಿಯಿಂದ ತಿನ್ನಿ.

ಪ್ರಶ್ನೆ: ಅಪ್ಪನ ಕಾಯಿಲೆ ಇವಳಿಗೆ ಬಂದಿದೆಯೇ ಎಂದು ತಿಳಿಯುವುದು ಯಾವಾಗ?

ಉತ್ತರ: ಬಂದಿರುವ ಸಾಧ್ಯತೆ ಸಾಮಾನ್ಯವಾಗಿ ಅರ್ಧಕ್ಕರ್ಧ. 66 ಇತ್ತೆಂದು ಇಲ್ಲ ಎನ್ನಲಾಗದು, 138 ಆಯಿತೆಂದು ಇದೆ ಎನ್ನಲೂ ಆಗದು. ಎರಡು ವರ್ಷ ತುಂಬಿದ ಮೇಲೆ ಎಲ್‌ಡಿಎಲ್ ನೋಡೋಣ. ಯಜಮಾನರ ವಂಶವಾಹಿ ದೋಷ ಯಾವುದೆಂದು ಮೊದಲೇ ಗೊತ್ತಾಗಿದ್ದರೆ ಮಗುವಿಗೆ ಅದೊಂದನ್ನೇ ಯಾವಾಗ ಬೇಕಾದರೂ ಹುಡುಕಬಹುದು. ಅಲ್ಲಿಯವರೆಗೆ ಕೊಲೆಸ್ಟ್ರಾಲಿಗೆಂದು ಆ ಎಳೆಯ ಹಿಮ್ಮಡಿಗೆ ಸೂಜಿ ಬೇಡ. ಬೇರೆ ಯಾವುದಕ್ಕಾದರೂ ತೆಗೆದ ರಕ್ತ ಹಾಲಿನಂತೆ ಬೆಳ್ಳಗೆ ಕಂಡರೆ ಮಾತ್ರ ಅದೇ ದಿನ ಕರೆತನ್ನಿ. ಅದು ಬೇರೆಯೇ ತೊಂದರೆ.

ನನ್ನನ್ನು ಕಾಡುತ್ತಿರುವುದು ಇನ್ನೊಂದು. ಯಜಮಾನರಿಗೆ ಒಡಹುಟ್ಟಿದವರು ಇದ್ದಾರೆಯೇ? ಅವರ ರಕ್ತ ಪರೀಕ್ಷೆ ಆಗಿದೆಯೇ? ಅವಸರ ಇರುವುದು ಅವರಿಗೆ.

ಪ್ರಶ್ನೆ ಕೇಳಿದವರು: ಇಲ್ಲ ಡಾಕ್ಟರೇ, ಯಾರೂ ಹೇಳಿರಲಿಲ್ಲ. ಇವರ ಅಕ್ಕ ಸಾಗರದಲ್ಲಿದ್ದಾರೆ, ವಯಸ್ಸು 41. ಈಗಲೇ ಫೋನ್ ಮಾಡುತ್ತೇನೆ.