ಮಗಳ ಇಂಜಿನಿಯರಿಂಗ್ ಫೀಸು ಮಳೆಗಾಲದಲ್ಲೇ ಕಟ್ಟಬೇಕು: ದುಡ್ಡು ಹೇಗೆ ಹೊಂದಿಸಿದಿರಿ? ಅನುಭವ ಹಂಚಿಕೊಳ್ಳಿ

ಕೇಳಿದವರು: ಹೊಸನಗರ ತಾಲೂಕಿನ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೇ ಕ್ಲಾಸಿನವರೆಗೆ ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವಳು, ಪಿಯುಸಿಯೂ ಸರ್ಕಾರಿ ಕಾಲೇಜಿನಲ್ಲೇ ಆಯಿತು. ಸಿಇಟಿ ರ‍್ಯಾಂಕ್ ನೋಡಿದವರು ಶಿವಮೊಗ್ಗದಲ್ಲೇ ಇಂಜಿನಿಯರಿಂಗ್ ಸೀಟು ಸಿಗಬಹುದು ಅಂತಾರೆ. ಗ್ರಾಮೀಣ, ಕನ್ನಡ ಮಾಧ್ಯಮ ಎರಡೂ ಮೀಸಲಾತಿಗೆ ಅರ್ಜಿಯಲ್ಲೇ ಬರೆದಿದ್ದೇವೆ. ನಾವು 2ಎ. ಇರೋದು ಎರಡು ಎಕರೆ ಅಡಿಕೆ ತೋಟ, ಎಲೆಚುಕ್ಕಿ ರೋಗ ಬಂದ ಮೇಲೆ ಫಸಲು ತೀರಾ ಇಳಿದಿದೆ. ಫೀಸು, ಉಳಿಯೋದು, ಊಟ, ಪುಸ್ತಕ ಎಲ್ಲಾ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ ಬೇಕಾಗುತ್ತದಂತೆ. ಯಜಮಾನರು ಅಡಿಕೆ ಮಂಡಿಯಲ್ಲಿ ಸಾಲ ಕೇಳಿ ತರ್ತೀನಿ ಅಂತಿದ್ದಾರೆ, ನನಗೆ ಧೈರ್ಯ ಸಾಲುತ್ತಿಲ್ಲ. ಮಗ ಈಗ ಎಸ್ಸೆಸ್ಸೆಲ್ಸಿ, ಅವನದ್ದೂ ಹಿಂದೆಯೇ ಬರುತ್ತದೆ. ಓದಿಸಿದವರು, ಓದಿದವರು ಹೇಗೆ ಮಾಡಿದಿರಿ ಅಂತ ಹೇಳಿ.

ಉತ್ತರ: ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ಇಬ್ಬರು ಮಕ್ಕಳನ್ನು ಓದಿಸಿದವರು

ಅಮ್ಮಾ, ಮೊದಲು ಮಂಡಿ ವಿಷಯ. ದಯವಿಟ್ಟು ಯಜಮಾನರನ್ನು ತಡೆಯಿರಿ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇ. 24. ಒಂದು ಲಕ್ಷಕ್ಕೆ 24,000 ಬಡ್ಡಿಗೇ ಹೋಯಿತು. ಅದರ ಮೇಲೆ, ಮುಂಗಡ ಕೊಟ್ಟವರಿಗೇ ಮಾಲು ಹಾಕಬೇಕು ಅನ್ನೋ ಕಟ್ಟುಪಾಡು ಬಿದ್ದರೆ ಧಾರಣೆ ಏರುವವರೆಗೆ ಕಾಯುವ ಸ್ವಾತಂತ್ರ್ಯವೂ ಹೋಗುತ್ತದೆ. ನಾಲ್ಕು ವರ್ಷದ ಓದನ್ನು ಇಂಥ ಸಾಲದ ಮೇಲೆ ನಡೆಸೋದು ಎರಡು ಎಕರೆ ತೋಟಕ್ಕೆ ಆಗುವಂಥದ್ದಲ್ಲ.

ನಮ್ಮ ಕಡೆಯ ಕಷ್ಟ ಏನು ಅಂದರೆ, ಒಟ್ಟು ದುಡ್ಡು ಕಡಿಮೆ ಅನ್ನೋದು ಒಂದಾದರೆ, ಬೇಕಾದ ತಿಂಗಳಲ್ಲಿ ಕೈಯಲ್ಲಿರೋದಿಲ್ಲ ಅನ್ನೋದು ಇನ್ನೊಂದು. ಸೀಟು ಹಂಚಿಕೆ, ಫೀಸು ಎಲ್ಲ ಜೋರು ಮಳೆಗಾಲದಲ್ಲಿ. ಅದೇ ಹೊತ್ತಿಗೆ ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವವರ ಕೂಲಿ. ಅಡಿಕೆ ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮಾರಿ ದುಡ್ಡು ನೋಡುವಾಗ ದೀಪಾವಳಿ ಕಳೆದಿರುತ್ತದೆ. ವಿದ್ಯಾರ್ಥಿವೇತನವೂ ಹಾಗೇ, ಕಾಲೇಜು ಸೇರಿದ ಮೇಲೆ ಅರ್ಜಿ, ಪರಿಶೀಲನೆ ಎಲ್ಲ ಮುಗಿದು ಖಾತೆಗೆ ಬರುವಾಗ ವರ್ಷವೇ ತಿರುಗಿರಬಹುದು. ಹಾಗಾಗಿ "ಸ್ಕಾಲರ್‌ಶಿಪ್ ಬರುತ್ತೆ, ಅದರಲ್ಲಿ ಫೀಸು ಕಟ್ಟೋಣ" ಅಂತ ಕೂತರೆ ಮೊದಲ ಕಂತಿಗೇ ಸಿಕ್ಕಿಬೀಳ್ತೀರಿ. ಮೊದಲ ವರ್ಷದ ಫೀಸಿಗೆ ಒಂದು ದಾರಿ ಬೇರೆ ಮಾಡಿಕೊಳ್ಳಿ. ವೇತನ ಬಂದಾಗ ಆ ದಾರಿಯ ಸಾಲ ತೀರಿಸಿ.

ನಾವು ಮೊದಲ ಕಂತಿಗೆ ಸಹಕಾರಿ ಬ್ಯಾಂಕಿನಲ್ಲಿ ಬಂಗಾರ ಅಡವಿಟ್ಟೆವು, ಅಷ್ಟರಲ್ಲಿ ಶಿಕ್ಷಣ ಸಾಲ ಮಂಜೂರಾಯಿತು. ಮನೆಯವಳ ಸರ ಅಡವಿಡೋದು ಯಾರಿಗೂ ಸಂತೋಷದ ಕೆಲಸ ಅಲ್ಲ, ಆದರೆ ಮಂಡಿ ಬಡ್ಡಿಗೆ ಹೋಲಿಸಿದರೆ ಎಷ್ಟೋ ಹಗುರ, ಕೊಯ್ಲಿಗೆ ಬಿಡಿಸಿಕೊಳ್ಳಬಹುದು. ಸೊಸೈಟಿಯ ಬಡ್ಡಿಯಿಲ್ಲದ ಬೆಳೆಸಾಲ ತೆಗೆದು ಫೀಸು ಕಟ್ಟುವವರನ್ನೂ ನೋಡಿದ್ದೇನೆ. ನನ್ನ ಮಾತು ಕೇಳೋದಾದರೆ ಅದು ಬೇಡ. ಎಲೆಚುಕ್ಕಿ ಇರುವ ತೋಟಕ್ಕೆ ಔಷಧಿ ತಪ್ಪಿದರೆ ಮುಂದಿನ ವರ್ಷದ ಫೀಸೂ ಹೋಗುತ್ತದೆ. ಬೆಳೆಸಾಲ ವಾಯಿದೆಯೊಳಗೆ ಕಟ್ಟದಿದ್ದರೆ ಬಡ್ಡಿಯೂ ಬೀಳುತ್ತದೆ.

ಇನ್ನೊಂದು. ಆಯ್ಕೆಪಟ್ಟಿ ತುಂಬುವಾಗ ಎಸ್ಎನ್‌ಕ್ಯೂ ಸೀಟಿನ ಬಗ್ಗೆ ಕೇಳಿ ತಿಳಿದುಕೊಳ್ಳಿ. ಪ್ರತಿ ಕೋರ್ಸಿನಲ್ಲಿ ಶೇ. 5ರಷ್ಟು ಹೆಚ್ಚುವರಿ ಸೀಟು ಅದು. ವರ್ಷಕ್ಕೆ 8 ಲಕ್ಷದೊಳಗೆ ಆದಾಯ ಇರುವ ಮನೆಯ ಮಕ್ಕಳಿಗೆ, ಬೋಧನಾ ಶುಲ್ಕ ಇಲ್ಲ, ಉಳಿದ ಶುಲ್ಕ ಮಾತ್ರ. ಒಮ್ಮೆ ಸೇರಿದ ಮೇಲೆ ಕಾಲೇಜಾಗಲಿ ಬ್ರಾಂಚಾಗಲಿ ಬದಲಾಯಿಸುವ ಹಾಗಿಲ್ಲ. ನನ್ನ ಮಗನಿಗೆ ಅವನು ಮೊದಲು ಬಯಸಿದ ಬ್ರಾಂಚ್ ಬಿಟ್ಟು ಬೇರೆಯದರಲ್ಲಿ ಈ ಸೀಟು ಸಿಕ್ಕಿತು, ಮನೆಯಲ್ಲಿ ಕೂತು ಮಾತಾಡಿ ಅದನ್ನೇ ಒಪ್ಪಿಕೊಂಡ. ನಾಲ್ಕು ವರ್ಷದ ಉಳಿತಾಯ ದೊಡ್ಡದು. ಆದರೆ ಮಗಳಿಗೆ ಇಷ್ಟವೇ ಇಲ್ಲದ ವಿಷಯಕ್ಕೆ ಫೀಸು ಕಡಿಮೆ ಅಂತ ದೂಡಬೇಡಿ.

ಉತ್ತರ: ಸಾಗರದ ಹುಡುಗಿ, ಇಂಜಿನಿಯರಿಂಗ್ ಕೊನೇ ವರ್ಷ

ಆಂಟಿ, ನಮ್ಮನೆಯೂ ಇದೇ ಪರಿಸ್ಥಿತಿ. ನನ್ನ ಓದು ನಡೆದಿರೋದು ಹೆಚ್ಚಾಗಿ ಪ್ರಗತಿ ಸ್ಕಾಲರ್‌ಶಿಪ್‌ನಿಂದ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳೋ ಕೇಂದ್ರದ ಎಐಸಿಟಿಇ ಕೊಡೋದು, ಹುಡುಗಿಯರಿಗೆ ಮಾತ್ರ, ವರ್ಷಕ್ಕೆ 50,000. ಮನೆಯ ಆದಾಯ 8 ಲಕ್ಷದೊಳಗಿರಬೇಕು, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ ಸಿಗುತ್ತೆ. ಮೊದಲ ವರ್ಷ ಸೇರಿದಾಗಲೇ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಎನ್ಎಸ್‌ಪಿ ಅಂತಾರಲ್ಲ, ಅದರಲ್ಲಿ ಅರ್ಜಿ ಹಾಕಬೇಕು. "ಎರಡನೇ ವರ್ಷ ನೋಡೋಣ" ಅಂದರೆ ಆಗಲ್ಲ. ನಮ್ಮ ಕ್ಲಾಸಿನಲ್ಲಿ ಅರ್ಹತೆ ಇದ್ದೂ ಇದರ ಹೆಸರೇ ಕೇಳದವರು ಎಷ್ಟೋ ಜನ ಇದ್ದರು, ಅದಕ್ಕೇ ಎಲ್ಲಿ ಹೋದರೂ ಹೇಳ್ತಾ ಇರ್ತೀನಿ. ಒಂದು ಷರತ್ತು ನೆನಪಿಡಿ: ಪ್ರಗತಿ ತಗೊಳ್ಳುವಾಗ ಬೇರೆ ಸರ್ಕಾರಿ ವಿದ್ಯಾರ್ಥಿವೇತನ ತಗೊಳ್ಳೋ ಹಾಗಿಲ್ಲ. ಯಾವುದು ಹೆಚ್ಚು ಅಂತ ಲೆಕ್ಕ ಹಾಕಿ ಒಂದನ್ನು ಹಿಡೀರಿ.

ಪ್ರಗತಿ ಸಿಗದಿದ್ದರೆ ರಾಜ್ಯದ್ದು ಇದೆ. ಎಸ್ಎಸ್‌ಪಿ ಅನ್ನೋ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹಿಂದುಳಿದ ವರ್ಗದ ಮೆಟ್ರಿಕ್ ನಂತರದ ವೇತನ, ಶುಲ್ಕ ವಿನಾಯಿತಿ, ಸರ್ಕಾರಿ ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಇವೆಲ್ಲ. ವಿದ್ಯಾಸಿರಿ ಶುರುವಾದಾಗ ತಿಂಗಳಿಗೆ 1,500ರಂತೆ ಹತ್ತು ತಿಂಗಳು, ವರ್ಷಕ್ಕೆ 15,000 ಅಂತ ಇತ್ತು. ಪ್ರವರ್ಗಕ್ಕೆ ತಕ್ಕ ಹಾಗೆ ಆದಾಯ ಮಿತಿ ಬೇರೆ ಬೇರೆ, 2ಎಗೆ ಎಷ್ಟು ಅಂತ ನೋಡಿ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಬಿಇ ಹುಡುಗಿಯರಿಗೆ 11,000, ಹುಡುಗರಿಗೆ 10,000 ಅಂತ ಗೊತ್ತು ಮಾಡಿದ್ದರು. ಅದಕ್ಕೆ ಅಂಕಲ್ ಹೆಸರಲ್ಲಿ ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ಸಂಖ್ಯೆ, ಆಗಿರಬೇಕು. ಪಹಣಿ, ಆಧಾರ್ ತಗೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಮಾಡಿಕೊಡ್ತಾರೆ. ಈ ವರ್ಷದ ಅರ್ಜಿಯ ಬಗ್ಗೆಯೂ ಅಲ್ಲೇ ವಿಚಾರಿಸಿ.

ಹತ್ತನೇದೂ ಪಿಯುಸಿಯೂ ಸರ್ಕಾರಿಯಲ್ಲೇ ಅಂದಿರಲ್ಲ, ಅಜೀಂ ಪ್ರೇಮ್‌ಜಿ ಫೌಂಡೇಶನ್ ಅಂಥ ಹುಡುಗಿಯರಿಗೇ ವರ್ಷಕ್ಕೆ 30,000 ಕೊಡುತ್ತೆ. ಅದನ್ನು ಖಂಡಿತ ಹಾಕಿಸಿ. ರಿಲಯನ್ಸ್ ಫೌಂಡೇಶನ್‌ದೂ ಒಂದಿದೆ, ಮೊದಲ ವರ್ಷದವರಿಗೆ, ಇಡೀ ಕೋರ್ಸಿಗೆ 2 ಲಕ್ಷದವರೆಗೆ. ಆನ್‌ಲೈನ್ ಪರೀಕ್ಷೆ ಬರೀಬೇಕು, ಸ್ಪರ್ಧೆ ಜೋರು.

ಈಗ ನಾನು ಅತಿ ಮುಖ್ಯ ಅಂದುಕೊಂಡಿದ್ದು. ಅರ್ಜಿ ಮಂಜೂರಾಗಿದ್ದರೂ ದುಡ್ಡು ಬರದೇ ಇರೋದಕ್ಕೆ ದೊಡ್ಡ ಕಾರಣ ಬ್ಯಾಂಕ್ ಖಾತೆ. ಆಧಾರ್ ಕೊಟ್ಟಿದ್ದೀವಿ ಅಂದರೆ ಸಾಲದು, ಆ ಖಾತೆ ಎನ್‌ಪಿಸಿಐಯಲ್ಲಿ, ಅಂದರೆ ರಾಷ್ಟ್ರೀಯ ಪಾವತಿ ನಿಗಮದಲ್ಲಿ, ಆಧಾರಿಗೆ ಜೋಡಣೆ ಆಗಿರಬೇಕು. ಹುಡುಗಿ ಹೆಸರಿನ ಖಾತೆ, ಚಾಲ್ತಿಯಲ್ಲಿರೋದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ ಎಲ್ಲದರಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇರಬೇಕು. ಈಗಲೇ ನಾಡಕಚೇರಿಗೆ ಹೋಗಿ ಆರ್‌ಡಿ ನಂಬರ್ ಇರುವ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ನೋಡಿಕೊಳ್ಳಿ. ಕೌನ್ಸೆಲಿಂಗ್ ಶುರುವಾದ ಮೇಲೆ ಅಲ್ಲಿ ಕಾಲಿಡೋಕೂ ಜಾಗ ಇರಲ್ಲ, ಕರೆಂಟ್ ಹೋದರೆ ಸರ್ವರೂ ಇರಲ್ಲ. "ನಾವು ಸ್ಕಾಲರ್‌ಶಿಪ್ ಮಾಡಿಸಿಕೊಡ್ತೀವಿ, ಇಷ್ಟು ಪರ್ಸೆಂಟ್ ಕೊಡಿ" ಅನ್ನೋರು ಸಿಗ್ತಾರೆ. ಯಾರಿಗೂ ಒಟಿಪಿ ಹೇಳಬೇಡಿ.

ಉತ್ತರ: ಶಿವಮೊಗ್ಗ, ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತರಾದವರು

ತೀರ್ಥಹಳ್ಳಿಯವರು ಬರೆದದ್ದು ಸರಿಯಾಗಿದೆ. ಮಂಡಿಗೆ ಹೋಗುವ ಮೊದಲು ಶಿಕ್ಷಣ ಸಾಲಕ್ಕೆ ಪ್ರಯತ್ನಿಸಿ ತಾಯಿ. ಹಳ್ಳಿಯವರು ಇದಕ್ಕೆ ಹೆದರುವುದು "ತೋಟ ಬರೆಸಿಕೊಳ್ತಾರೆ" ಅಂತ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಯಾವ ಅಡಮಾನವೂ ಬೇಕಿಲ್ಲ. ಕೇಂದ್ರದ ಖಾತರಿ ನಿಧಿಯಡಿ 7.5 ಲಕ್ಷದವರೆಗೂ ಜಮೀನಾಗಲಿ ಜಾಮೀನುದಾರರಾಗಲಿ ಇಲ್ಲದೆ ಕೊಡಬಹುದು. ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕಬೇಕು, ಅಷ್ಟೇ. ಕೌಂಟರಿನಲ್ಲಿ ಯಾರಾದರೂ ಪಹಣಿ ತನ್ನಿ, ತೋಟ ಅಡವಿಡಿ ಅಂದರೆ ವಿನಯದಿಂದಲೇ ಈ ಮಾತು ಹೇಳಿ. ಬಾಯಿಮಾತಿನಲ್ಲಿ ಇಲ್ಲ ಅನ್ನಿಸಿಕೊಂಡು ಹಿಂದೆ ಬರಬೇಡಿ. ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಿದರೆ ದಾಖಲೆ ಇರುತ್ತದೆ. ತಿರಸ್ಕರಿಸುವುದಾದರೆ ಮೇಲಿನ ಅಧಿಕಾರಿಯ ಒಪ್ಪಿಗೆ ಬೇಕು ಎಂದು ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲೇ ಇದೆ. ಅಲ್ಲಿಗೂ ಆಗದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರರನ್ನು ಕಾಣಿ.

ಬಡ್ಡಿಯ ಲೆಕ್ಕ ಹೇಳುತ್ತೇನೆ, ಏಕೆಂದರೆ ಜನ ಇಲ್ಲೇ ಎಡವುತ್ತಾರೆ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ಲಕ್ಷ ತೆಗೆದಿರಿ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಮೊದಲ ವರ್ಷ ಬಡ್ಡಿ 10,000, ಆಮೇಲೆ 20,000, 30,000, 40,000, ಓದು ಮುಗಿದ ನಂತರದ ಒಂದು ವರ್ಷಕ್ಕೆ ಮತ್ತೆ 40,000. ಕಂತು ಶುರುವಾಗುವ ಮೊದಲೇ 1,40,000 ಆಯಿತು. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದು, ವೃತ್ತಿಪರ ಕೋರ್ಸಾಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದ್ದರೆ ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಸಬ್ಸಿಡಿಯಾಗಿ ಕಟ್ಟುತ್ತದೆ. ನಿಮ್ಮಂಥವರಿಗೇ ಇರುವ ಯೋಜನೆ. ಆದರೆ ಅದು ತಾನಾಗಿ ಬರುವುದಿಲ್ಲ. ಸಾಲದ ಅರ್ಜಿಯ ಜೊತೆಗೇ ಆದಾಯ ಪ್ರಮಾಣಪತ್ರ ಕೊಟ್ಟು, ಬಡ್ಡಿ ಸಬ್ಸಿಡಿಗೆ ನನ್ನ ಹೆಸರು ಸೇರಿಸಿ ಎಂದು ಬರವಣಿಗೆಯಲ್ಲಿ ಕೇಳಿ. 2024ರ ಕೊನೆಯಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಬೇರೆ. ಅದು ಪಟ್ಟಿಯಲ್ಲಿರುವ ಉತ್ತಮ ಶ್ರೇಯಾಂಕದ ಸಂಸ್ಥೆಗಳಿಗೆ ಮಾತ್ರ, ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ. ಕಾಲೇಜು ಆ ಪಟ್ಟಿಯಲ್ಲಿದೆಯೇ ನೋಡಿ.

ಮಂಜೂರಾದದ್ದೆಲ್ಲ ತೆಗೆಯಲೇಬೇಕು ಎಂದಿಲ್ಲ. ಆಯಾ ವರ್ಷ ಬೇಕಾದಷ್ಟೇ ತೆಗೆಯಿರಿ, ತೆಗೆದದ್ದಕ್ಕೆ ಮಾತ್ರ ಬಡ್ಡಿ. ಹಾಸ್ಟೆಲ್, ಪುಸ್ತಕ, ಲ್ಯಾಪ್‌ಟಾಪ್ ಕೂಡ ಇದರಲ್ಲಿ ಸೇರುತ್ತದೆ. ಪ್ರಗತಿ ಹಣ ಬಂದಾಗ ಸಾಲದ ಖಾತೆಗೇ ಕಟ್ಟಬಹುದು, ಬೇಗ ತೀರಿಸಿದ್ದಕ್ಕೆ ದಂಡ ಇಲ್ಲ. ಸೀಟು ಹಂಚಿಕೆ ಪತ್ರ ಕೈಗೆ ಬಂದ ದಿನವೇ, ಕಾಲೇಜಿನಿಂದ ನಾಲ್ಕೂ ವರ್ಷದ ಶುಲ್ಕದ ವಿವರ ಸಹಿ-ಮೊಹರಿನೊಂದಿಗೆ ಪಡೆದು ಬ್ಯಾಂಕಿಗೆ ಹೋಗಿ.

2ಎ ಎಂದಿರಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಸಿಇಟಿ ಸೀಟಿನವರಿಗೆ ವರ್ಷಕ್ಕೆ 1 ಲಕ್ಷದವರೆಗೆ, ಬಡ್ಡಿ ಶೇ. 2. ಬ್ಯಾಂಕ್ ಸಾಲಕ್ಕಿಂತ ಎಷ್ಟೋ ಮೇಲು. ಅರ್ಜಿ ಕರೆಯುವುದು ವರ್ಷದಲ್ಲಿ ಕೆಲವು ದಿನ ಮಾತ್ರ, ಅರ್ಜಿ ಹಾಕಿದವರಿಗೆಲ್ಲ ಸಿಗುವುದೂ ಇಲ್ಲ. ಜಿಲ್ಲಾ ಕಚೇರಿಯಲ್ಲಿ ಈಗಲೇ ವಿಚಾರಿಸಿ, ಆದರೆ ಇದೊಂದನ್ನೇ ನಂಬಿ ಕೂರಬೇಡಿ.

ಉತ್ತರ: ರಿಪ್ಪನ್‌ಪೇಟೆ

ಅಕ್ಕಾ, ಎಲ್ಲರೂ ಫೀಸಿನ ಬಗ್ಗೆಯೇ ಬರೆದರು. ನಮ್ಮ ತಂಗಿಯ ಓದಿನಲ್ಲಿ ಫೀಸಿಗಿಂತ ಪಿಜಿಗೆ (ಪೇಯಿಂಗ್ ಗೆಸ್ಟ್ ವಸತಿಗೆ) ಹೋದ ದುಡ್ಡೇ ಹೆಚ್ಚು. ಶಿವಮೊಗ್ಗದಲ್ಲಿ ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ಗೆ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಊಟ-ವಸತಿ ಎರಡೂ ಉಚಿತ. ಸೀಟು ಕಡಿಮೆ, ಅಂಕ ಇದ್ದವರಿಗೆ ಸಿಗುತ್ತೆ. ಸಿಗದಿದ್ದರೆ ನಿಮ್ಮ ಸಮುದಾಯದ ಹಾಸ್ಟೆಲ್ ಇದೆಯಾ ಕೇಳಿ, ಅಲ್ಲಿ ಪಿಜಿಗಿಂತ ಕಡಿಮೆಗೆ ಆಗಬಹುದು. ದಿನಾ ಓಡಾಡಿಸ್ತೀವಿ ಅನ್ನೋ ಯೋಚನೆ ಇದ್ದರೆ ಬಿಡಿ. ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ರೂಟಲ್ಲಿ ಓಡೋದು ಹೆಚ್ಚಾಗಿ ಖಾಸಗಿ ಬಸ್ಸು. ಮಳೆಗಾಲದಲ್ಲಿ ಬೆಳಗ್ಗೆ ಬಸ್ಸು ತಪ್ಪಿದರೆ ಲ್ಯಾಬ್ ತಪ್ಪಿತು. ಹುಡುಗಿ ಸುಸ್ತಾಗಿಬಿಡ್ತಾಳೆ, ಓದು ಕೆಡುತ್ತೆ.

ಕೇಳಿದವರು

ಕಣ್ಣು ತುಂಬಿ ಬಂತು, ಎಲ್ಲರಿಗೂ ಕೈಮುಗಿತೀನಿ. ಯಜಮಾನರಿಗೆ ಓದಿ ಹೇಳಿದೆ, ಮಂಡಿ ಮಾತು ಬಿಟ್ಟಿದ್ದಾರೆ. ಆದಾಯ ಪ್ರಮಾಣಪತ್ರದ ಅವಧಿ ಮುಗಿದೇಹೋಗಿತ್ತು, ಹೊಸದಕ್ಕೆ ಅರ್ಜಿ ಕೊಟ್ಟೆವು. ಇನ್ನು ಮಗನ ವಿಷಯ. ಅವನಿಗೂ ಇಂಜಿನಿಯರಿಂಗೇ ಬೇಕಂತೆ. ಇಬ್ಬರದ್ದೂ ಒಟ್ಟಿಗೆ ಬಂದರೆ ಹೇಗೆ?

ಉತ್ತರ: ಭದ್ರಾವತಿ, ಡಿಪ್ಲೊಮಾ ಮುಗಿಸಿ ಬಿಇ ಮಾಡಿದವರು

ಅಮ್ಮಾ, ಅವನನ್ನು ಪಿಯುಸಿಗೆ ಬದಲು ಡಿಪ್ಲೊಮಾಕ್ಕೆ ಕಳಿಸೋದನ್ನೂ ಯೋಚಿಸಿ. ಎಸ್ಸೆಸ್ಸೆಲ್ಸಿ ಆದ ಕೂಡಲೇ ಮೂರು ವರ್ಷದ ಕೋರ್ಸು, ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಶುಲ್ಕ ತೀರಾ ಕಡಿಮೆ, ಭದ್ರಾವತಿಯಲ್ಲೇ ಒಂದಿದೆ. ಮುಗಿದ ಮೇಲೆ ಡಿಪ್ಲೊಮಾದವರ ಸಿಇಟಿ, ಅಂದರೆ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೇ ನೇರ ಪ್ರವೇಶ, ದೊಡ್ಡ ಫೀಸು ನಾಲ್ಕರ ಬದಲು ಮೂರೇ ವರ್ಷ. ಪಿಯು ಟ್ಯೂಷನ್ನು, ಸಿಇಟಿ ಕೋಚಿಂಗ್ ಖರ್ಚೂ ಉಳೀತು. ಅವನು ಬಿಇಗೆ ಬರೋ ಹೊತ್ತಿಗೆ ಅಕ್ಕನ ಓದು ಮುಗಿದಿರುತ್ತೆ, ಎರಡು ಬಿಇ ಫೀಸು ಒಟ್ಟಿಗೆ ಬೀಳಲ್ಲ.

ಕಷ್ಟವನ್ನೂ ಹೇಳ್ತೀನಿ. ಡಿಪ್ಲೊಮಾದಿಂದ ಹೋದವರಿಗೆ ಬಿಇಯ ಗಣಿತ ಭಾರ ಅನ್ನಿಸುತ್ತೆ, ನನಗೂ ಮೊದಲ ಸೆಮಿಸ್ಟರ್ ಅದರಲ್ಲೇ ಹೋಯ್ತು. ಗಣಿತ ಇಷ್ಟಪಡೋ ಹುಡುಗನಾದರೆ ಧೈರ್ಯವಾಗಿ ಕಳಿಸಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಪಾಲಿಟೆಕ್ನಿಕ್ ಅರ್ಜಿಗೆ ಹೆಚ್ಚು ದಿನ ಇರಲ್ಲ. ಒಂದರಿಂದ ಹತ್ತರವರೆಗಿನ ಗ್ರಾಮೀಣ, ಕನ್ನಡ ಮಾಧ್ಯಮ ವ್ಯಾಸಂಗ ಪತ್ರಕ್ಕೆ ಶಾಲೆಯಲ್ಲಿ ಸಹಿ ಹಾಕಿಸಿ, ಬಿಇಒ ಮೇಲುಸಹಿಯೂ ಈಗಲೇ ಮಾಡಿಸಿ ಇಟ್ಟುಕೊಳ್ಳಿ.