ಚಿಕನ್ ಉಂಡೆ, ತರಕಾರಿ ಸೂಪ್: ಉಂಡೆ ಒಡೆಯಬಾರದು, ಗಟ್ಟಿಯೂ ಆಗಬಾರದು

ಪ್ರಶ್ನೆ: ಅರ್ಧ ಕೆಜಿ ಚಿಕನ್ ಕೀಮಾ ತಂದಿಟ್ಟಿದ್ದೇನೆ. ಮೀಟ್‌ಬಾಲ್ ಮಾಡಿ, ಇರುವ ತರಕಾರಿ ಹಾಕಿ ಸರಳವಾದ ಸೂಪ್ ಮಾಡಬೇಕು ಅಂತ ಆಸೆ. ಇದೇ ಮೊದಲ ಸಲ. ಉಂಡೆ ನೀರಿನಲ್ಲಿ ಬಿಚ್ಚಿಕೊಳ್ಳಬಾರದು, ರಬ್ಬರಿನ ಹಾಗೂ ಆಗಬಾರದು. ಮೊಟ್ಟೆ ಹಾಕಲೇಬೇಕಾ? ಮೊದಲು ಹುರಿಯಬೇಕಾ? ಸ್ಟಾಕ್ (ಮೂಳೆ, ತರಕಾರಿ ಬೇಯಿಸಿ ಸೋಸಿದ ರಸ) ಇಲ್ಲ, ಬರೀ ನೀರು ಸಾಕಾ? ಮೂರು ವರ್ಷದ ಮಗುವೂ ತಿನ್ನುತ್ತದೆ. ಮಾಡಿ ಅಭ್ಯಾಸ ಇರುವವರು ಹೇಳಿ.

*

ಉಂಡೆ ನಿಲ್ಲುತ್ತದೋ ಇಲ್ಲವೋ ಅನ್ನುವುದು ಕಲಸುವಾಗಲೇ ತೀರ್ಮಾನ ಆಗಿಬಿಡುತ್ತದೆ. ಕೀಮಾ, ಈರುಳ್ಳಿ, ಸೊಪ್ಪು, ಉಪ್ಪು ಎಲ್ಲಾ ಒಟ್ಟಿಗೆ ಸುರಿದು, ಸುಮ್ನೆ ಎರಡು ಸುತ್ತು ಕೈಯಾಡಿಸಿ ಉಂಡೆ ಕಟ್ಟಬೇಡಿ. ಮೊದಲು ಕೀಮಾ ಮತ್ತು ಉಪ್ಪು ಮಾತ್ರ. ಅರ್ಧ ಕೆಜಿಗೆ ಒಂದು ಟೀ ಚಮಚ ಉಪ್ಪು, ಮಟ್ಟವಾಗಿ. ಎರಡು ಮೂರು ನಿಮಿಷ ಚೆನ್ನಾಗಿ ನಾದಿ. ಉಪ್ಪು ಮಾಂಸದ ಪ್ರೋಟೀನನ್ನು ಸ್ವಲ್ಪ ಕರಗಿಸುತ್ತದೆ. ಆ ಜಿಗುಟೇ ಉಂಡೆಯನ್ನು ಹಿಡಿದಿಡುವ ಅಂಟು. ಕೀಮಾ ಪಾತ್ರೆಯ ಬದಿಗೆ ಅಂಟಿಕೊಳ್ಳಲು ಶುರುವಾದರೆ ಸಾಕು, ನಿಲ್ಲಿಸಿ. ಇನ್ನೂ ಜಾಸ್ತಿ ನಾದಿದರೆ ಪುಟಿಯುವ ಚೆಂಡಾಗುತ್ತದೆ. ಕೆಲವರಿಗೆ ಅದೇ ಇಷ್ಟ, ನೀವು ಬೇಡ ಅಂದಿದ್ದೀರಿ.

ಕೀಮಾ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾಗಿರಲಿ. ಬೆಚ್ಚಗಾದರೆ ಕೊಬ್ಬು ಮೆತ್ತಗಾಗಿ ಜಾರುತ್ತದೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಮೆತ್ತಗಿರಲು ಒಂದು ಸ್ಲೈಸ್ ಬ್ರೆಡ್ಡನ್ನು ಮೂರು ದೊಡ್ಡ ಚಮಚ ಹಾಲಿನಲ್ಲಿ ನೆನೆಸಿ, ಹಿಸುಕಿ ಸೇರಿಸಿ. ಅದು ನೀರಿನಂಶ ಹಿಡಿದಿಟ್ಟುಕೊಳ್ಳುತ್ತದೆ, ಮಾಂಸ ಒತ್ತಾಗಿ ಬಿಗಿದುಕೊಳ್ಳಲು ಬಿಡುವುದಿಲ್ಲ. ಈರುಳ್ಳಿ ತೀರಾ ಸಣ್ಣಗೆ ಹೆಚ್ಚಿ. ದಪ್ಪ ಚೂರು ಇದ್ದ ಕಡೆಯೇ ಉಂಡೆ ಬಿರುಕು ಬಿಡುತ್ತದೆ. ತುರಿದರೆ ನೀರು ಹಿಂಡಿ ಹಾಕಿ. ಕರಿಮೆಣಸಿನ ಪುಡಿ, ಸ್ವಲ್ಪ ಶುಂಠಿ, ಸೊಪ್ಪು ನಿಮ್ಮಿಷ್ಟ.

ಕೈ ಒದ್ದೆ ಮಾಡಿಕೊಂಡು ಎರಡೂವರೆ ಸೆಂಟಿಮೀಟರ್ ಅಗಲದ ಉಂಡೆ ಕಟ್ಟಿ. ಅರವತ್ತು ಎಪ್ಪತ್ತು ಬರುತ್ತವೆ. ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಡಿ. ಅಷ್ಟರಲ್ಲಿ ತರಕಾರಿ ಹೆಚ್ಚಿಕೊಳ್ಳಬಹುದು.

*

ಮೊಟ್ಟೆ ಬೇಕಾಗಿಲ್ಲ. ಮೇಲೆ ಹೇಳಿದ ಹಾಗೆ ಉಪ್ಪಿನಲ್ಲಿ ನಾದಿದರೆ ಅದರ ಕೆಲಸ ಮುಗಿಯಿತು. ಹಾಕಲೇಬೇಕು ಅನಿಸಿದರೆ ಅರ್ಧ ಕೆಜಿಗೆ ಒಂದೇ ಒಂದು. ಎರಡು ಹಾಕಿದರೆ ಮಿಶ್ರಣ ಸಡಿಲವಾಗುತ್ತದೆ. ಆಮೇಲೆ ಬ್ರೆಡ್ ಪುಡಿ ಸುರಿಯುವುದು, ಮತ್ತೆ ಗಟ್ಟಿಯಾಯಿತು ಅನ್ನುವುದು... ಇದಕ್ಕೆ ಕೊನೆಯೇ ಇಲ್ಲ.

ನನ್ನ ಕೇಳಿದರೆ ಮೊಟ್ಟೆಗಿಂತ ಮುಖ್ಯ ಮಾಂಸ ಯಾವ ಭಾಗದ್ದು ಅನ್ನುವುದು. ಬರೀ ಎದೆ ಭಾಗದಲ್ಲಿ ಕೊಬ್ಬು ತುಂಬಾ ಕಡಿಮೆ, ಬೇಗ ಒಣಗುತ್ತದೆ. ತೊಡೆ ಮಾಂಸದ ಕೀಮಾ ಸೂಪ್‌ಗೆ ಹೇಳಿ ಮಾಡಿಸಿದಂತಿರುತ್ತದೆ. ಎದೆಯದ್ದೇ ತಂದಿದ್ದರೆ ಒಂದು ಚಮಚ ಎಣ್ಣೆ ಸೇರಿಸಿ.

*

ನೀರು ಧಾರಾಳ ಸಾಕು. ಉಂಡೆ ಅದರಲ್ಲೇ ಬೇಯುತ್ತದಲ್ವಾ, ಅದರ ರಸವೇ ಸ್ಟಾಕ್ ಆಗುತ್ತದೆ. ಆದರೆ ತಳಹದಿ ಗಟ್ಟಿಯಾಗಿರಬೇಕು. ಈರುಳ್ಳಿ, ಕ್ಯಾರೆಟ್, ಸಿಕ್ಕರೆ ಸೆಲರಿ. ಇವನ್ನು ಎರಡು ಚಮಚ ಎಣ್ಣೆ ಅಥವಾ ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಬಾಡಿಸಿ. ಈ ಹಂತ ಬಿಟ್ಟರೆ ಸೂಪ್ ತರಕಾರಿ ಬೇಯಿಸಿದ ನೀರಿನ ಹಾಗೇ ಇರುತ್ತದೆ. ಕೊನೆಗೆ ಬೆಳ್ಳುಳ್ಳಿ, ಆಮೇಲೆ ಒಂದೂವರೆ ಲೀಟರ್ ನೀರು, ಒಂದು ಬೇ ಎಲೆ.

ಕುದಿ ಬಂದ ಮೇಲೆ ಆಲೂಗಡ್ಡೆ. ಅದು ಅರೆಬೆಂದಾಗ ಉಂಡೆ, ಬೀನ್ಸ್. ಬಟಾಣಿ, ಪಾಲಕ್ ಕೊನೆಯ ಎರಡು ಮೂರು ನಿಮಿಷಕ್ಕೆ. ಟೊಮೆಟೊ ಹಾಕುವುದಾದರೆ ಆಲೂಗಡ್ಡೆ, ಕ್ಯಾರೆಟ್ ಬೆಂದ ಮೇಲೇ ಹಾಕಿ. ಹುಳಿ ಮೊದಲೇ ಸೇರಿದರೆ ಅವು ಬೇಗ ಮೆತ್ತಗಾಗುವುದಿಲ್ಲ.

ಉಂಡೆ ಹಾಕುವ ಮೊದಲು ಉರಿ ತಗ್ಗಿಸಿ. ಅಲ್ಲಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದರೆ ಸಾಕು. ಕೊತಕೊತ ಕುದಿದರೆ ಉಂಡೆ ಒಂದಕ್ಕೊಂದು ಬಡಿದು ಒಡೆಯುತ್ತವೆ, ಹೊರಭಾಗ ಬಿಗಿಯುತ್ತದೆ, ಸೂಪ್ ಕದಡುತ್ತದೆ. ಒಂದೊಂದಾಗಿ ಬಿಡಿ, ಮೊದಲ ಎರಡು ನಿಮಿಷ ಸೌಟು ಮುಟ್ಟಲೇಬೇಡಿ. ಮೇಲೆ ಬರುವ ನೊರೆ ತೆಗೆದುಬಿಡಿ. ಎಂಟು ಹತ್ತು ನಿಮಿಷದಲ್ಲಿ ಬೇಯುತ್ತವೆ. ಉಪ್ಪಿನ ಹದ ಕೊನೆಯಲ್ಲಿ ನೋಡಿ, ಉಂಡೆಯಲ್ಲೂ ಉಪ್ಪಿದೆ. ಇಳಿಸಿದ ಮೇಲೆ ನಿಂಬೆರಸ.

*

ಹುರಿಯುವ ವಿಷಯದಲ್ಲಿ ನನ್ನದು ಬೇರೆ ದಾರಿ. ಬಾಣಲೆಯಲ್ಲಿ ಉಂಡೆಯನ್ನು ಎರಡು ಬದಿ ಕಂದು ಬಣ್ಣ ಬರುವಷ್ಟು ಹುರಿದು ತೆಗೆದಿಡುತ್ತೇನೆ, ಒಳಗೆ ಹಸಿಯೇ ಇರುತ್ತದೆ. ಅದೇ ಬಾಣಲೆಗೆ ನೀರು ಹಾಕಿ ತಳ ಕೆರೆದು ಸೂಪ್‌ಗೆ ಸುರಿದರೆ ಸ್ಟಾಕ್ ಇಲ್ಲದ ಕೊರತೆ ಗೊತ್ತಾಗುವುದಿಲ್ಲ. ಉಂಡೆ ಮೇಲ್ಪದರ ಸ್ವಲ್ಪ ಗಟ್ಟಿ ಆಗುವುದು ನಿಜ, ಸೂಪ್ ಬಣ್ಣವೂ ಗಾಢವಾಗುತ್ತದೆ. ಮಗುವಿಗೆ ಮೆತ್ತಗೇ ಬೇಕಾದರೆ ಹುರಿಯಬೇಡಿ.

*

ಮೂರು ವರ್ಷದ ಮಗು ಅಂದಿದ್ದೀರಿ, ಹಾಗಾಗಿ ಇದನ್ನು ಓದಿ. ಉಂಡೆಯನ್ನು ಇಡಿಯಾಗಿ ಕೊಡಬೇಡಿ. ದುಂಡಗಿನ ತುಂಡು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನಾಲ್ಕು ಭಾಗ ಮಾಡಿ ಕೊಡಿ.

ಉಂಡೆ ತೇಲಿದರೆ ಬೆಂದಿತು ಅಂತ ಹೇಳುತ್ತಾರೆ, ನಂಬಬೇಡಿ. ದೊಡ್ಡದನ್ನು ಒಂದು ಕತ್ತರಿಸಿ ನೋಡಿ. ಅಡುಗೆ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಉಪ್ಪು ನೋಡಲು ಹಸಿ ಮಿಶ್ರಣ ನೆಕ್ಕುವುದು ಬೇಡ, ಚಿಟಿಕೆಯಷ್ಟು ಹುರಿದು ತಿಂದು ನೋಡಿ. ಹಸಿ ಚಿಕನ್ ಮುಟ್ಟಿದ ಕೈ, ಹಲಗೆ, ಚಾಕು ಸೋಪಿನಲ್ಲಿ ತೊಳೆದ ಮೇಲೇ ತರಕಾರಿಗೆ ಕೈ ಹಾಕಿ.

*

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಬ್ರೆಡ್ ಇಲ್ಲ, ಓಟ್ಸ್ ಇದೆ. ನಡೆಯುತ್ತದಾ? ಅರ್ಧ ಉಂಡೆ ಎತ್ತಿಡಬಹುದಾ?

*

ಓಟ್ಸ್ ಆರಾಮಾಗಿ ನಡೆಯುತ್ತದೆ. ಮೂರು ದೊಡ್ಡ ಚಮಚ ತೆಗೆದುಕೊಂಡು, ಅಷ್ಟೇ ಹಾಲಿನಲ್ಲಿ ಹತ್ತು ನಿಮಿಷ ನೆನೆಸಿ. ಹಾಲು ಬೇಡದವರು ನೀರು ಹಾಕಬಹುದು.

ಎತ್ತಿಡುವುದಾದರೆ ಹಸಿ ಉಂಡೆಯನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರ್‌ನಲ್ಲಿಟ್ಟು, ಕಲ್ಲಾದ ಮೇಲೆ ಡಬ್ಬಿಗೆ ಹಾಕಿ. ಕೀಮಾ ಮೊದಲೇ ಫ್ರೀಜ್ ಆಗಿ ಬಂದದ್ದಲ್ಲ ತಾನೇ? ಫ್ರೀಜ್ ಆಗಿ ಬಂದದ್ದಾದರೆ ಎಲ್ಲವನ್ನೂ ಬೇಯಿಸಿ, ಬೆಂದ ಉಂಡೆಯನ್ನೇ ಇಡಿ. ಬೇಕಾದಾಗ ಕರಗಿಸದೆ ನೇರವಾಗಿ ಸೂಪ್‌ಗೆ ಬಿಡಿ, ನಾಲ್ಕೈದು ನಿಮಿಷ ಜಾಸ್ತಿ ಬೇಯಿಸಿ. ಮಾಡಿದ ಸೂಪ್ ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ಎರಡು ಗಂಟೆಯೊಳಗೆ ಒಳಗಿಡಿ. ಆಲೂಗಡ್ಡೆ ಇರುವ ಸೂಪನ್ನು ಮಾತ್ರ ಫ್ರೀಜರ್‌ಗೆ ಹಾಕಬೇಡಿ, ಕರಗಿದ ಮೇಲೆ ಆಲೂಗಡ್ಡೆ ಪುಡಿಪುಡಿಯಾಗಿರುತ್ತದೆ. ನೂಡಲ್ಸ್ ಸೇರಿಸುವ ಯೋಚನೆ ಇದ್ದರೆ ಬೇರೆಯಾಗಿ ಬೇಯಿಸಿ, ಬಡಿಸುವಾಗ ಬಟ್ಟಲಿಗೆ ಹಾಕಿಕೊಳ್ಳಿ. ಪಾತ್ರೆಯಲ್ಲೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಸೂಪೆಲ್ಲಾ ಅದೇ ಕುಡಿದಿರುತ್ತದೆ.