ಮೀನಿನ ತೊಟ್ಟಿಯ ನೀರು: ‘ಬದಲಿಸು’ ಬೇಡ, ‘ಬಸಿ’ ಅನ್ನಬಹುದಾ?

ಒಂದು ಕ್ರಿಯಾಪದ ಬೇಕಾಗಿದೆ. ಸುಮ್ನೆ ಕುತೂಹಲಕ್ಕಲ್ಲ. ಸರಿಯಾದ ಪದ ಸಿಗದೆ ನಮ್ಮ ಮನೆಯಲ್ಲಿ ಎರಡು ಗೋಲ್ಡ್‌ಫಿಶ್ ಸತ್ತಿವೆ.

ನಾವು ಬಾಗಲಕೋಟೆ ನವನಗರದವರು. ಮನೆಯಲ್ಲಿ 60 ಲೀಟರಿನ ಗಾಜಿನ ತೊಟ್ಟಿ ಇದೆ. ಮೊನ್ನೆ ಬೆಳಗಾವಿಗೆ ಮದುವೆಗೆ ಹೊರಟಾಗ ‘ರವಿವಾರ ಮೀನಿನ ನೀರು ಬದ್ಲಿ ಮಾಡಿಬಿಡ್ರಿ’ ಅಂತ ಅಪ್ಪನಿಗೆ ಹೇಳಿ ಹೋದೆ. ಅಪ್ಪ ಹೇಳಿದ ಕೆಲಸವನ್ನು ಅರ್ಧಕ್ಕೆ ಬಿಡುವವರಲ್ಲ. ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿ ಪೂರ್ತಿ ಖಾಲಿ ಮಾಡಿ, ಗಾಜು ತಿಕ್ಕಿ, ಫಿಲ್ಟರಿನ ಸ್ಪಂಜನ್ನೂ ನಳದ ಕೆಳಗೆ ಹಿಂಡಿ ಹಿಂಡಿ ತೊಳೆದು, ಆಗಷ್ಟೇ ಬಂದ ನಳದ ನೀರನ್ನು ಅಂಚಿನವರೆಗೆ ತುಂಬಿಸಿದ್ದಾರೆ. ತೊಟ್ಟಿ ಕನ್ನಡಿ ಹಾಗೆ ಹೊಳೀತಿತ್ತಂತೆ. ಮರುದಿನ ಬೆಳಿಗ್ಗೆ ಎರಡು ಮೀನು ಮಗ್ಗುಲಾಗಿ ತೇಲುತ್ತಿದ್ದವು.

ಕಾಲುಭಾಗ ತೆಗೆದಿದ್ದರೆ ಸಾಕಿತ್ತು ಅಂದೆ. ಅಪ್ಪ ಅಂದರು, ‘ಬದ್ಲಿ ಮಾಡು ಅಂದಿ, ಬದ್ಲಿ ಮಾಡೇನಿ. ಹಾಸಿಗಿ ಅರಬಿ ಬದ್ಲಿ ಮಾಡು ಅಂದ್ರ ಅರ್ಧಾ ಬದ್ಲಿ ಮಾಡ್ತಾರೇನು?’

ಮಾತು ಸರಿಯೇ ಇದೆ, ಅಲ್ವಾ? ‘ಬದಲು’ ಅರಬ್ಬಿಯ ‘ಬದಲ್’ನಿಂದ ಬಂದದ್ದು. ಒಂದರ ಜಾಗಕ್ಕೆ ಇನ್ನೊಂದು ಅನ್ನೋದೇ ಅದರ ಅರ್ಥ. ಬದಲಿ ಮಾಸ್ತರು ಬಂದರೆ ಹಳೆಯವರ ಮುಕ್ಕಾಲುಪಾಲು ಕ್ಲಾಸಿನಲ್ಲೇ ಉಳಿಯುವುದಿಲ್ಲ. ಬೆಳಗಾವಿ ಕಡೆ ಮರಾಠಿಯವರು ‘ಪಾಣೀ ಬದಲಾ’ ಅಂತಾರೆ, ನಮ್ಮಲ್ಲಿ ‘ಚೇಂಜ್ ಮಾಡ್ರಿ’ ಅಂತಾರೆ. ಎಲ್ಲದರಲ್ಲೂ ಅದೇ ತೊಂದರೆ.

ಅವ್ವನ ಪದ ಬೇರೆ. ಅವಳದು ‘ನೀರು ಹಾಕು’. ತುಳಸಿಗೆ ಹಾಕಿದ ಹಾಗೆ, ತೊಟ್ಟಿಯಲ್ಲಿ ನಾಲ್ಕು ಬೆರಳು ಇಳಿದದ್ದು ಕಂಡರೆ ಅಷ್ಟು ತುಂಬಿಸುತ್ತಾಳೆ. ಇದೂ ತಪ್ಪೇ, ಆದರೆ ಈ ತಪ್ಪು ನಿಧಾನ. ಮೀನಿನ ಹೊಲಸು, ತಿಂದು ಬಿಟ್ಟ ಕಾಳು ಕೊಳೆತರೆ ಅಮೋನಿಯಾ ಆಗುತ್ತೆ. ಫಿಲ್ಟರಿನಲ್ಲಿ ಮನೆಮಾಡಿದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡು ಸ್ವಲ್ಪ ಇದ್ದರೂ ವಿಷ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ಆದರೆ ಕೂಡಿಕೊಳ್ಳುತ್ತಾ ಹೋಗುತ್ತೆ. ಗಿಡ ಒಂದಿಷ್ಟು ಹೀರುತ್ತೆ, ಉಳಿದದ್ದನ್ನು ನಾವೇ ಹೊರಗೆ ಹಾಕಬೇಕು. ಆರಿಹೋಗುವುದು ನೀರು ಮಾತ್ರ, ಕರಗಿದ್ದು ಅಲ್ಲೇ ಕೂರುತ್ತೆ. ಅಪ್ಪ ಮಾಡಿದ್ದರಲ್ಲಿ ಸ್ಪಂಜಿನ ಬ್ಯಾಕ್ಟೀರಿಯಾ ಹೋಯ್ತು, ಮೇಲೆ ನಳದ ಕ್ಲೋರಿನ್ ಕಿವಿರು ಸುಟ್ಟಿತು.

ನೀರು ಆರಿ ಕರಗಿದ್ದು ಅಲ್ಲೇ ಉಳಿಯೋ ಸಂಗತಿಗೆ ನಮ್ಮ ಕಡೆ ಒಂದು ಪದ ಆಗಲೇ ಇದೆ: ಸವಳು. ಜಮಖಂಡಿ ಹತ್ತಿರ ನಮ್ಮ ಕಾಕಾನ ಕಬ್ಬಿನ ಹೊಲದ ಒಂದು ಮೂಲೆಯಲ್ಲಿ ಮಣ್ಣಿನ ಮೇಲೆ ಬೆಳ್ಳಗೆ ಉಪ್ಪಿನ ಪೊರೆ ಕೂತಿದೆ. ಕಾಲಿಟ್ಟರೆ ಚುರುಚುರು ಅನ್ನುತ್ತೆ. ವರ್ಷಗಟ್ಟಲೆ ಕಾಲುವೆ ನೀರು ಹಾಯಿಸಿದರು, ನೀರು ಆರುತ್ತಾ ಹೋಯ್ತು, ಉಪ್ಪು ನಿಂತಿತು. ನೀರು ನಿಂತು ಕೆಟ್ಟ ನೆಲ ಜವಳು. ಎರಡನ್ನೂ ಕೂಡಿಸಿ ಸವಳು-ಜವಳು ಅಂತೀವಿ. (ಇಳಕಲ್ಲಿನ ಜವಳಿಗೂ ಇದಕ್ಕೂ ಸಂಬಂಧ ಇಲ್ಲ, ನನ್ನ ಹೆಂಡತಿಯೂ ಮದುವೆಯಾದ ಹೊಸದರಲ್ಲಿ ಹಾಗೇ ತಿಳಿದಿದ್ದಳು.) ಅವ್ವನ ತೊಟ್ಟಿ ಅಂದರೆ ಗಾಜಿನೊಳಗಿನ ಸವಳು ಹೊಲ. ಅಂಚಿನಲ್ಲಿ ಅದೇ ಬಿಳಿ ಗೆರೆ ಕೂತಿದೆ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತೆ.

ಆ ಹೊಲಕ್ಕೆ ಮದ್ದು ಏನು? ಬಸಿಗಾಲುವೆ ತೋಡಿ, ಒಳ್ಳೆ ನೀರು ಹಾಯಿಸಿ, ಉಪ್ಪನ್ನು ತೊಳೆದುಕೊಂಡು ಹೋಗೋ ನೀರನ್ನು ಹೊರಗೆ ಬಿಡೋದು. ಅಲ್ಲಿಂದ ನನಗೆ ಹೊಳೆದ ಪದ ‘ಬಸಿ’. ‘ವಾರಕ್ಕೊಮ್ಮೆ ತೊಟ್ಟಿ ಬಸಿಯಿರಿ’ ಅಂದರೆ ಹೇಗೆ?

ನನ್ನ ಪದಕ್ಕೆ ನಾನೇ ತಕರಾರು ಎತ್ತುತ್ತೇನೆ. ಅನ್ನ ಬಸಿಯುವಾಗ ಗಂಜಿಯನ್ನು ಪೂರ್ತಿ ಬಗ್ಗಿಸುತ್ತೇವೆ. ಹೋಳಿಗೆ ದಿನ ಬೇಳೆ ಬಸಿದ ಕಟ್ಟಿನಲ್ಲೇ ಸಾರು ಮಾಡೋದು, ಹೊರಗೆ ಹಾಕೋ ಮಾತೇ ಇಲ್ಲ. ಅಪ್ಪ ಇದನ್ನೂ ಅಡುಗೆಮನೆ ಅರ್ಥದಲ್ಲಿ ತಗೊಂಡರೆ ತೊಟ್ಟಿ ಮತ್ತೆ ಖಾಲಿ! ಆದರೆ ಬಸಿಗಾಲುವೆಯಲ್ಲಿ ಹೊಲ ಒಣಗುವುದಿಲ್ಲ, ಜಾಸ್ತಿಯಾದದ್ದು ಅಷ್ಟೇ ಇಳಿದು ಹೋಗುತ್ತೆ. ನನಗೆ ಬೇಕಾದ್ದು ಆ ಅರ್ಥ. ಅಡುಗೆಯ ಬಸಿ ಹೊಲದ ಬಸಿಯನ್ನು ನುಂಗಿಬಿಡುತ್ತಾ, ಅದು ನನ್ನ ಮೊದಲ ಪ್ರಶ್ನೆ.

ಅವ್ವ ಕೊಟ್ಟ ಪದ ‘ತೋಡು’. ಜಳಕಕ್ಕೆ ಹಂಡೆಯಿಂದ ನೀರು ತೋಡ್ತೀವಲ್ಲ, ಆ ತೋಡು. ಹಂಡೆ ಯಾರೂ ಖಾಲಿ ಮಾಡಲ್ಲ, ಬೇಕಾದಷ್ಟು ತೋಡಿ ಅಷ್ಟೇ ಮತ್ತೆ ತುಂಬುತ್ತಾರೆ. ಲೆಕ್ಕ ಚೆನ್ನಾಗಿ ಕೂರುತ್ತೆ. ಆದರೆ ತೋಡಿದರೆ ಮೇಲಿನ ತಿಳಿನೀರು ಬರುತ್ತೆ. ಗಸಿ ಇರೋದು ತಳದಲ್ಲಿ, ಅದನ್ನು ಪೈಪು ಇಳಿಬಿಟ್ಟು ಎಳೀಬೇಕು.

ಕಾಲುಭಾಗ ತೆಗೆದರೆ ಏನು ಮಹಾ ಅಂತ ಕೇಳುವವರಿಗೆ: ವಾರಕ್ಕೆ 10 ಪಾಲು ನೈಟ್ರೇಟ್ ಸೇರುತ್ತೆ ಅಂದುಕೊಳ್ಳಿ. ಪ್ರತಿ ವಾರ ಕಾಲುಭಾಗ ತೆಗೆಯುತ್ತಾ ಬಂದರೆ ಅದು 40ರ ಹತ್ತಿರ ಹೋಗಿ ನಿಂತುಬಿಡುತ್ತೆ. ತೆಗೆಯದೆ ಬಿಟ್ಟರೆ ಹತ್ತು ವಾರಕ್ಕೆ 100, ಆಮೇಲೂ ನಿಲ್ಲಲ್ಲ. ನಮ್ಮ ತೊಟ್ಟಿಗೆ ಕಾಲುಭಾಗ ಅಂದರೆ 15 ಲೀಟರು, ನಮ್ಮ ಮನೆಯ ಒಂದು ಕೊಡ.

ಎರಡನೇ ಪ್ರಶ್ನೆ ಚಿಕ್ಕದು. ನೋಡಲಿಕ್ಕೆ ತಿಳಿ, ಒಳಗೆ ಕೆಟ್ಟದ್ದು, ಅಂಥ ನೀರಿಗೆ ಏನನ್ನೋಣ? ರಾಡಿ ಅನ್ನುವ ಹಾಗಿಲ್ಲ. ‘ಹಳಸಿದ ನೀರು’ ಅನ್ನೋಣವೇ? ಇಲ್ಲೊಂದು ತಮಾಷೆ ಇದೆ. ಕುಡಿಯೋಕೆ ನಾವು ನಿನ್ನೆಯ ನೀರು ಬೇಡ, ತಾಜಾ ಬೇಕು ಅಂತೀವಿ. ಮೀನಿಗೆ ಉಲ್ಟಾ. ನಳದ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತೆ, ಆ ತಂಗಳು ನೀರೇ ಮೀನಿಗೆ ಒಳ್ಳೇದು. (ಕ್ಲೋರಮಿನ್ ಹಾಕಿದ ನೀರಾದರೆ ಹಾರಲ್ಲ, ಅಂಗಡಿಯಲ್ಲಿ ಸಿಗೋ ಔಷಧದ ಹನಿಯೇ ಬೇಕು.) ಹಾಗಾಗಿ ಹಾಕೋದು ತಂಗಳು, ತೆಗೆಯೋದು ಹಳಸಿದ್ದು. ಅನ್ನಕ್ಕೆ ಇರೋ ಎರಡು ಪದ ನೀರಿಗೂ ಹೊಂದುತ್ತವಾ?

ಅಥಣಿ, ಗೋಕಾಕ, ಇಂಡಿ, ಸಿಂದಗಿ ಕಡೆಯವರು ದನದ ದೋಣಿಯ ನೀರನ್ನು ಸ್ವಲ್ಪ ತೆಗೆದು ಸ್ವಲ್ಪ ಹಾಕುವಾಗ ಏನಂತೀರಿ ಅಂತ ದಯವಿಟ್ಟು ತಿಳಿಸಿ. ನಾನು ಸದ್ಯಕ್ಕೆ ತೊಟ್ಟಿಯ ಮೇಲೆ ‘ರವಿವಾರ ಒಂದು ಕೊಡ ಬಸಿ, ಒಂದು ಕೊಡ ಹಾಕು’ ಅಂತ ಚೀಟಿ ಅಂಟಿಸಿದ್ದೇನೆ. ಇವತ್ತು ನೋಡಿದರೆ ‘ಬಸಿ’ಗೆ ಗೆರೆ ಹೊಡೆದು ಅಪ್ಪ ಕೆಂಪು ಪೆನ್ನಿನಲ್ಲಿ ‘ತೋಡು’ ಅಂತ ಬರೆದಿದ್ದಾರೆ.